ಕೆಂಪು ಕಾರ್ಡು ಕಾಣದ ಟೆಸ್ಸಾ

ಪಕ್ಕದ ಮನೆಯ ಟೆಸ್ಸಾ ಎಂಥವಳು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕುಕ್ಕರಿನ ವಿಷಯ ಹೇಳುತ್ತೇನೆ. ನಾವು ನ್ಯೂಜಿಲೆಂಡಿನ ಟೌರಂಗಾದ ಈ ಮನೆಗೆ ಬಂದ ಹೊಸತು. ಬೇಳೆ ಬೇಯಲಿಟ್ಟು ಅಡುಗೆಮನೆಯ ಕಿಟಕಿ ತೆರೆದಿದ್ದೆ. ಬೇಲಿಯಾಚೆ ಒಬ್ಬ ಎತ್ತರದ ಹೆಂಗಸು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಳು. ನಮ್ಮ ಕುಕ್ಕರ್ ಒಂದು ವಿಷಲ್ ಹೊಡೆಯಿತು ನೋಡಿ, ಆ ಹೆಂಗಸು ನಿಂತಲ್ಲೇ ನಿಂತು ಎರಡೂ ಕೈ ಮೇಲೆತ್ತಿಬಿಟ್ಟಳು. ಕೈಯಲ್ಲಿ ಪೈಪು ಇತ್ತಲ್ಲ, ನೀರೆಲ್ಲ ಅವಳ ತಲೆಯ ಮೇಲೆಯೇ. ತೊಯ್ದು ತೊಪ್ಪೆಯಾದರೂ ಕೈ ಇಳಿಸದೆ, ಸುತ್ತ ನೋಡುತ್ತ, "ನಾನೇನೂ ಮಾಡಿಲ್ಲ!" ಎಂದು ಕೂಗಿದಳು.

"ರೀ, ಪಕ್ಕದ ಮನೇಲಿ ಒಬ್ಳು ಹುಚ್ಚಿ ಇದಾಳೆ," ಎಂದು ನನ್ನ ಯಜಮಾನರಾದ ಉದಯಶಂಕರ್‌ಗೆ ಹೇಳಿದೆ.

"ಸುಮ್ನಿರೇ, ಅಮೆರಿಕಾದೋರಂತೆ," ಎಂದರು ಅವರು, ಅದರಿಂದ ಎಲ್ಲ ಬಗೆಹರಿಯಿತು ಎನ್ನುವ ಹಾಗೆ.

ಆಮೇಲೆ ಗೊತ್ತಾಯಿತು. ಟೆಸ್ಸಾ ಲುಂಡ್‌ಗ್ರೆನ್ ಹದಿನೈದು ವರ್ಷ ಫುಟ್‌ಬಾಲ್ ಆಡಿದವಳು. ಹೊಟ್ಟೆಪಾಡಿಗೆ ಆಡಿದವಳು, ಹವ್ಯಾಸಕ್ಕಲ್ಲ. ರೆಫರಿ ವಿಷಲ್ ಊದಿದಾಗಲೆಲ್ಲ ತಪ್ಪು ತನ್ನದಲ್ಲ ಎಂದು ಕೈ ಎತ್ತಿ ಎತ್ತಿ ರೂಢಿಯಾಗಿ, ಎಲ್ಲಿ ವಿಷಲ್ ಕೇಳಿದರೂ ಅವಳ ಕೈ ತಾನಾಗಿ ಮೇಲೇಳುತ್ತಿತ್ತು. ನಮ್ಮ ಮನೆಯಲ್ಲಿ ಬೇಳೆಗೆ ಮೂರು ವಿಷಲ್, ಕಡಲೆಕಾಳಿಗೆ ಆರು. ಪಾಪ, ಕಡಲೆಕಾಳಿನ ದಿನ ಅವಳ ಗಿಡಗಳಿಗೆ ನೀರೇ ಇಲ್ಲ.

ಈಗ ಅವಳು ಕಿವಿಹಣ್ಣನ್ನು ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ನಾನು ಆಸ್ಪತ್ರೆಯಲ್ಲಿ ನರ್ಸ್. ಇಬ್ಬರಿಗೂ ಪಾಳಿ ಕೆಲಸ, ಇಬ್ಬರಿಗೂ ಕಾಲುನೋವು. ಹಾಗಾಗಿ ಬೇಲಿಯ ಹತ್ತಿರ ಮಾತು ಬೆಳೆಯಿತು. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ನನ್ನ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ, ಬೈಗುಳಗಳನ್ನು ಬಿಟ್ಟು. ಹಾಗೆ ಬಿಟ್ಟರೆ ಮಾತು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ, ಏನು ಮಾಡೋಣ.

ಅವಳು ಹುಟ್ಟಿದ್ದು ಅಮೆರಿಕದ ಮಿನೆಸೋಟಾ ಎಂಬಲ್ಲಿ. ಅಪ್ಪ ಶಾಲೆಯ ಬಸ್ಸಿನ ಡ್ರೈವರ್. ಹೊರಗೆ ಆಳುದ್ದ ಹಿಮ ಬಿದ್ದಿದ್ದರೆ ಹುಡುಗಿ ಬಸ್ ಶೆಡ್ಡಿನೊಳಗೆ ಗೋಡೆಗೆ ಚೆಂಡು ಒದೆಯುತ್ತಿದ್ದಳಂತೆ. ಒದ್ದೂ ಒದ್ದೂ ಕಾಲೇಜಿನಲ್ಲಿ ಪುಕ್ಕಟೆ ಸೀಟು ಸಿಕ್ಕಿತು. ಕಾಲೇಜು ಮುಗಿದು ಹೆಂಗಸರ ದೊಡ್ಡ ಲೀಗಿಗೆ ಸೇರಿದಳು, ಎರಡನೇ ವರ್ಷಕ್ಕೆ ಆ ಲೀಗೇ ಬಾಗಿಲು ಹಾಕಿತು. ಸ್ವೀಡನ್ನಿಗೆ ಹೋದಳು. ಅಲ್ಲಿ ಬೆಳಿಗ್ಗೆ ಮೀನಿನ ಕಾರ್ಖಾನೆ, ಸಂಜೆ ಮ್ಯಾಚು. ಇವಳು ಗೋಲು ಹೊಡೆದರೆ ಜೊತೆಯವರು ಅಪ್ಪಿಕೊಳ್ಳದೆ ದೂರದಿಂದಲೇ ಚಪ್ಪಾಳೆ ತಟ್ಟುತ್ತಿದ್ದರಂತೆ, ಮೀನಿನ ವಾಸನೆಗೆ. ಅಮೆರಿಕದಲ್ಲಿ ಹೊಸ ಲೀಗು ಶುರುವಾಯಿತೆಂದು ಓಡಿಹೋದಳು. ಅದೂ ಮುಚ್ಚಿತು. ನಮ್ಮತ್ತೆ ಬದುಕಿದ್ದಿದ್ದರೆ "ಇವಳ ಕಾಲ್ಗುಣ ಚೆನ್ನಾಗಿಲ್ಲ" ಎಂದು ಖಂಡಿತ ಹೇಳುತ್ತಿದ್ದರು.

ದೇಶದ ತಂಡಕ್ಕೂ ಒಮ್ಮೆ ಕರೆ ಬಂದಿತ್ತು. ಬೆನ್ನ ಮೇಲೆ ಹೆಸರಿದ್ದ ಅಂಗಿ ಕೊಟ್ಟರು, ಬೆಂಚಿನ ಮೇಲೆ ಕೂರಿಸಿದರು. ಕೊನೆಗೆ ಕೋಚು, "ಏಳು, ಮೈ ಬಿಸಿ ಮಾಡಿಕೋ," ಎಂದನಂತೆ. ಇವಳು ಗೆರೆಯ ಪಕ್ಕದಲ್ಲಿ ಅತ್ತಿಂದಿತ್ತ ಓಡಿ ಓಡಿ ಮೈ ಬಿಸಿ ಮಾಡಿಕೊಂಡಳು. ಅಷ್ಟರಲ್ಲಿ ಆಟ ಮುಗಿಯಿತು. ಎಲೆ ಹಾಕಿಸಿಕೊಂಡು ಕೂತವರಿಗೆ ಅಡುಗೆ ಖಾಲಿ ಎಂದ ಹಾಗೆ. ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ಅವಳು ಮಾತ್ರ, "ಒಳ್ಳೆ ಬೆಂಚು, ಮೆತ್ತಗಿತ್ತು," ಎಂದಳು.

ಅವಳ ಜಾಗ ಮಿಡ್‌ಫೀಲ್ಡ್. ಎಂದರೆ ಹಿಂದಿನವರ ಹತ್ತಿರ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವುದು, ಇಡೀ ಹೊತ್ತು ಓಡುವುದು, ಕೊನೆಗೆ ಯಾರಿಗೂ ನೆನಪಿಲ್ಲದಿರುವುದು. "ನಮ್ಮ ಮನೇಲಿ ನಾನು ಮಾಡೋ ಕೆಲಸಾನೂ ಅದೇ," ಎಂದೆ. ಅವತ್ತಿನಿಂದ ನಾವಿಬ್ಬರೂ ಗಳಸ್ಯ ಕಂಠಸ್ಯ.

ಕೊನೆಗೆ ಆಕ್ಲೆಂಡಿನ ಒಂದು ಕ್ಲಬ್ಬಿನವರು ಕರೆಸಿಕೊಂಡರು. ಮೊಣಕಾಲು ಎರಡು ಸಲ ಕೊಯ್ಯಿಸಿಕೊಂಡು, ಇಲ್ಲೇ ಆಟ ಬಿಟ್ಟು, ಇಲ್ಲೇ ಉಳಿದಳು. ಗೆದ್ದ ಕಪ್ ಇಲ್ಲ, ಪದಕ ಇಲ್ಲ. ಕೊಚ್ಚಿಕೊಳ್ಳಲು ಇದ್ದದ್ದು ಒಂದೇ: ಅಷ್ಟು ವರ್ಷ ಆಡಿದರೂ ಅವಳು ಒಂದು ಕೆಂಪು ಕಾರ್ಡು ಕಂಡವಳಲ್ಲ. ತೀರ ಕೆಟ್ಟದಾಗಿ ಯಾರನ್ನಾದರೂ ಬೀಳಿಸಿದರೆ ರೆಫರಿ ಕೆಂಪು ಕಾರ್ಡು ತೋರಿಸಿ ಮೈದಾನದಿಂದ ಆಚೆ ಅಟ್ಟುತ್ತಾರಲ್ಲ, ಅದು. ಊಟಕ್ಕೆ ಕರೆದರೆ ನಮ್ಮ ಯಜಮಾನರು ಬೇಕೆಂದೇ ಕೆದಕುತ್ತಿದ್ದರು. ಅವಳು ಎದೆ ಸೆಟೆಸಿ "ಒಂದೂ ಇಲ್ಲ!" ಎನ್ನುತ್ತಿದ್ದಳು. ಆಮೇಲೆ ಯಾಕೋ ತಟ್ಟೆ ನೋಡುತ್ತ ಸುಮ್ಮನಾಗಿಬಿಡುತ್ತಿದ್ದಳು.

ಯಾಕೆ ಎಂದು ಒಂದು ಯುಗಾದಿಯ ಮಧ್ಯಾಹ್ನ ತಿಳಿಯಿತು. ಹೋಳಿಗೆ ತಿಂದು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ನಾನೇ, "ನಿಜವಾಗ್ಲೂ ಒಂದೂ ಇಲ್ವಾ?" ಎಂದೆ.

"ಇಲ್ಲ," ಎಂದಳು. "ಬರಬೇಕಾಗಿತ್ತು. ಬರಲಿಲ್ಲ."

ಎಂಟು ವರ್ಷದ ಹಿಂದೆ, ಹ್ಯಾಮಿಲ್ಟನ್ನಿನಲ್ಲಿ. ಎದುರಾಳಿ ತಂಡದಲ್ಲಿ ರೇಚಲ್ ಎಂಬ ಇಪ್ಪತ್ನಾಲ್ಕರ ಹುಡುಗಿ. ಮುಂದಿನ ವಾರ ಅವಳು ನ್ಯೂಜಿಲೆಂಡ್ ತಂಡದ ಕ್ಯಾಂಪಿಗೆ ಹೋಗುವವಳು. ಅವಳು ಚೆಂಡನ್ನು ದಾಟಿಸಿಬಿಟ್ಟ ಮೇಲೆ ಇವಳು ಎರಡೂ ಕಾಲು ಬಿಟ್ಟು ಜಾರಿಕೊಂಡು ಹೋಗಿದ್ದಾಳೆ. ಹುಡುಗಿಯ ಮೊಣಕಾಲು ಅಲ್ಲೇ ಹೋಯಿತು. ರೆಫರಿ ಚೆಂಡಿನ ಹಿಂದೆ ತಿರುಗಿದ್ದರಿಂದ ನೋಡಲಿಲ್ಲ. ಟೆಸ್ಸಾ ಎರಡೂ ಕೈ ಎತ್ತಿ, "ಚೆಂಡು! ನಾನು ಮುಟ್ಟಿದ್ದು ಚೆಂಡನ್ನ!" ಎಂದು ಕೂಗಿದಳು. ರೆಫರಿ ನಂಬಿದ. ಕಾರ್ಡು ಬರಲಿಲ್ಲ. ರೇಚಲ್ ಮತ್ತೆ ಆ ಮಟ್ಟದಲ್ಲಿ ಆಡಲಿಲ್ಲ.

"ಚೆಂಡು ಆ ಹೊತ್ತಿಗೆ ಎಲ್ಲೋ ಇತ್ತು ಇಂದಿರಾ," ಎಂದಳು ಟೆಸ್ಸಾ. "ನಾನು ಮುಟ್ಟಿದ್ದು ಅವಳ ಕಾಲನ್ನೇ. ನನಗೆ ಗೊತ್ತಿತ್ತು. ಆದ್ರೂ ಕೈ ಎತ್ತಿದೆ."

ಕ್ಷಮೆ ಕೇಳೋಣ ಎಂದು ಎಷ್ಟೋ ಸಲ ತನ್ನ ಯೂಟ್ ಎಂಬ ಪುಟ್ಟ ಟ್ರಕ್ಕು ಹತ್ತಿ ಹೊರಟಿದ್ದಾಳೆ. ಹ್ಯಾಮಿಲ್ಟನ್ ದಾರಿಯಲ್ಲಿರುವ ಕೈಮೈ ಎಂಬ ಗುಡ್ಡ ದಾಟುತ್ತಾಳೆ, ದಾರಿಯಲ್ಲಿ ಒಂದು ಪೈ, ಅದೇ ಇಲ್ಲಿನವರ ಮಾಂಸದ ಕಡುಬು, ತಿನ್ನುತ್ತಾಳೆ, ಬಾಯಿ ಒಣಗುತ್ತದೆ, ವಾಪಸ್ ಬರುತ್ತಾಳೆ. "ಒಂದು ಸಾರಿ ಹೇಳಕ್ಕೆ ಎಷ್ಟು ಪೈ ತಿಂತೀಯೇ!" ಎಂದು ಬೈದೆ. ಅವಳು ನಗಲಿಲ್ಲ. ಆಗ ನನಗೆ ಬೈದದ್ದಕ್ಕೆ ಬೇಜಾರಾಯಿತು.

ಇನ್ನು ನಮ್ಮ ತಂಡದ ಕಥೆ. ಅದೇ ಯುಗಾದಿಗೆ ಟೌರಂಗಾದ ಕನ್ನಡದವರೆಲ್ಲ ಸೇರಿದ್ದಾಗ ಗಂಡಸರು ಕ್ರಿಕೆಟ್ ಪಂದ್ಯ ಇಟ್ಟುಕೊಂಡರು. "ಲೇಡೀಸ್‌ಗೆ ರಂಗೋಲಿ ಕಾಂಪಿಟೇಷನ್ ಇಟ್ಟಿದೀವಲ್ಲ," ಎಂದ ಒಬ್ಬ ಮಹಾನುಭಾವ. ನನಗೆ ಪಿತ್ತ ನೆತ್ತಿಗೇರಿತು. ಹ್ಯಾಮಿಲ್ಟನ್ನಿನಲ್ಲಿ ಮೂವತ್ತೈದು ದಾಟಿದ ಹೆಂಗಸರಿಗೆ ಏಳೇಳು ಜನರ ಫುಟ್‌ಬಾಲ್ ಹಬ್ಬ ಇದೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದು ನೆನಪಿತ್ತು. "ನಾವು ಫುಟ್‌ಬಾಲ್ ಆಡ್ತೀವಿ!" ಎಂದುಬಿಟ್ಟೆ. ಯಜಮಾನರು ಪಾಯಸ ನೆತ್ತಿಗೆ ಹತ್ತಿ ಕೆಮ್ಮಿದರು. ಆ ಕೆಮ್ಮು ಕೇಳಿದ ಮೇಲೆ ಹಿಂದೆ ಸರಿಯುವ ಮಾತೇ ಇರಲಿಲ್ಲ.

ಟೆಸ್ಸಾ ಕಲಿಸಲು ಒಪ್ಪಿದಳು. ಊರು ಹ್ಯಾಮಿಲ್ಟನ್ ಎಂದಾಗ ಮುಖ ಸಪ್ಪಗಾಯಿತು. ರೇಚಲ್ ಈಗ ಅಲ್ಲಿ ಶಾಲೆಯ ಟೀಚರ್ ಎಂದು ಅವಳಿಗೆ ಗೊತ್ತಿತ್ತು. "ಬರ್ತೀನಿ. ಆದ್ರೆ ಯೂಟಿಂದ ಇಳಿಯಲ್ಲ," ಎಂದಳು.

ಮೊದಲ ದಿನ ಚೆಂಡನ್ನು ನೋಡಿಯೇ ಗೀತಾ ಆಂಟಿ ತಗಾದೆ ತೆಗೆದರು. ಅವರಿಗೆ ಅರವತ್ತರ ಹತ್ತಿರ, ಮೈಸೂರಿನವರು. "ಇದರ ಮೇಲೆ ಅಕ್ಷರ ಇದೆಯಲ್ರಮ್ಮ! ಅಕ್ಷರ ಅಂದ್ರೆ ಸರಸ್ವತಿ. ಕಾಲಲ್ಲಿ ಒದೆಯೋದಾ? ನನ್ನ ಕೈಲಾಗಲ್ಲ," ಎಂದು ಚೆಂಡನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಟೆಸ್ಸಾಗೆ ಅರ್ಥ ಮಾಡಿಸಿದೆ. ಅವಳು ಸ್ವಲ್ಪ ಯೋಚಿಸಿ, "ಕೈಯಲ್ಲಿ ಮುಟ್ಟಬಹುದಾ?" ಎಂದಳು. ಮುಟ್ಟಬಹುದು. ಹೀಗೆ ಗೀತಾ ಆಂಟಿ ನಮ್ಮ ಗೋಲ್‌ಕೀಪರ್ ಆದರು.

ನಿಜವಾದ ತೊಂದರೆ ಗೊತ್ತಾದದ್ದು ಇಲ್ಲಿನ ಶಾಲಾ ಟೀಚರುಗಳ ಜೊತೆ ಆಡಿದಾಗ. ನಮ್ಮ ಹುಬ್ಬಳ್ಳಿಯ ನಿಖಿತಾ ಚಿರತೆಯ ಹಾಗೆ ಓಡುತ್ತಾಳೆ. ಚೆಂಡು ತಗೊಂಡು ನುಗ್ಗಿದಳು, ಎದುರಿನವಳ ಕಾಲಿಗೆ ಇವಳ ಕಾಲು ತಾಗಿತು. ತಾಗಿದ್ದೇ ತಡ, ನಿಂತಳು, ಬಗ್ಗಿ ಅವಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎದುರಿನವಳು ಚೆಂಡು ಹೊಡೆದುಕೊಂಡು ಹೋಗಿ ಗೋಲು ಮಾಡಿದಳು. ಆಮೇಲೆ ನನ್ನ ಕಾಲು ತಾಗಿತು, ನಾನೂ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗೋಲು. ನಮ್ಮ ತಂಡದವಳೇ ಆದ ಅಪೂರ್ವಾಳ ಕಾಲು ನನಗೇ ತಾಗಿತು, ಅವಳು ನನ್ನನ್ನು ಮುಟ್ಟಲು ಬಂದಳು, "ಪರವಾಗಿಲ್ಲ ಬಿಡಮ್ಮ," ಎಂದು ನಾನು ಅವಳ ಕೈ ಹಿಡಿದುಕೊಂಡೆ. ನಾವು ಕೈ ಹಿಡಿದುಕೊಂಡೇ ಇದ್ದೆವು, ಅಲ್ಲಿ ಇನ್ನೊಂದು ಗೋಲು. ಹನ್ನೊಂದೋ ಹನ್ನೆರಡೋ ಆದ ಮೇಲೆ ಟೀಚರುಗಳೇ ನಾಚಿಕೊಂಡು ಎಣಿಸುವುದನ್ನು ಬಿಟ್ಟರು.

ಟೆಸ್ಸಾ ಮೈದಾನದೊಳಗೆ ನುಗ್ಗಿ ಬಂದಳು. "ಏನಿದು? ಏನದು ಕಣ್ಣಿಗೆ? ಧೂಳಾ?"

"ಕಾಲು ಹತ್ತಿತಲ್ರೀ!" ಎಂದಳು ನಿಖಿತಾ. "ನಮಸ್ಕಾರ ಮಾಡ್ಲಿಲ್ಲಂದ್ರ ಹೆಂಗ್ರೀ? ಪಾಪ ಬರ್ತದ."

ಟೆಸ್ಸಾ ತಲೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಳು. ಫುಟ್‌ಬಾಲ್ ಎಂದರೇ ಕಾಲು ತಾಗಿಸುವುದು ಎಂದಳು. ಬಸ್ಸಲ್ಲಿ, ಸಿನಿಮಾದಲ್ಲಿ ತಾಗಿದರೆ ಮಾಡಿ, ಇಲ್ಲಿ ಬೇಡ ಎಂದಳು. ನಾವು ಹೂಂ ಎಂದೆವು. ಮುಂದಿನ ಆಟದಲ್ಲಿ ಮತ್ತೆ ಅದೇ. ನಾವೇನು ಬೇಕೆಂದು ಮಾಡುತ್ತೇವೆಯೇ? ಹೆತ್ತಮ್ಮ ತಲೆಗೆ ಮೊಟಕಿ ಕಲಿಸಿದ್ದು, ಕೈ ತಾನಾಗಿ ಹೋಗುತ್ತದೆ.

ಕೊನೆಗೆ ಅವಳು ಪ್ಯಾಕ್‌ಹೌಸಿನಿಂದ ಬೇಡವೆಂದು ಬಿಟ್ಟ ಕಿವಿಹಣ್ಣಿನ ಬುಟ್ಟಿ ತಂದಳು. ಅಭ್ಯಾಸದಲ್ಲಿ ಎಲ್ಲರೂ ಎರಡೂ ಕೈಯಲ್ಲಿ ಒಂದೊಂದು ಕಳಿತ ಹಣ್ಣು ಹಿಡಿದು ಓಡಬೇಕು. ಕಣ್ಣಿಗೊತ್ತಿಕೊಂಡರೆ ಹಣ್ಣು ಪಚಕ್. ಮೊದಲ ವಾರ ನಮ್ಮ ಮುಖ, ಕೂದಲು, ಹುಬ್ಬು ಎಲ್ಲ ಹಸಿರು. ಅಭ್ಯಾಸ ಮುಗಿಸಿ ಹಾಲು ತರಲು ಡೈರಿಗೆ ಹೋದರೆ ಅಂಗಡಿಯವನು ಗಾಬರಿಯಿಂದ ಟಿಶ್ಯೂ ಕೊಟ್ಟ. ತಪ್ಪು ಹೇಗೆ ಆಗುತ್ತದೆಂದು ತೋರಿಸಲು ಟೆಸ್ಸಾ ಪದೇ ಪದೇ ತಾನೇ ಬಗ್ಗಿ, ನಮ್ಮ ಕಾಲು ಮುಟ್ಟಿ, ಕಣ್ಣಿಗೊತ್ತಿಕೊಂಡು, "ಇದು ಬೇಡ! ಇದು ಬೇಡ!" ಎಂದು ಕಿರುಚುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ. ನಮ್ಮ ಅಭ್ಯಾಸ ಮೆಲ್ಲಗೆ ಬಿಡುತ್ತ ಬಂತು.

ಫುಟ್‌ಬಾಲ್ ಹಬ್ಬದ ದಿನ ಬಂತು. ಚಿತ್ರಾನ್ನದ ಡಬ್ಬಗಳು, ಮೊಸರನ್ನ, ಫ್ಲಾಸ್ಕು, ಎಲ್ಲ ಚಿಲ್ಲಿಬಿನ್ ಎಂಬ ತಂಪುಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಟೆವು. ಹ್ಯಾಮಿಲ್ಟನ್ನಿನ ಮೈದಾನದ ಪಕ್ಕ ಟೆಸ್ಸಾ ಯೂಟ್ ನಿಲ್ಲಿಸಿದಳು. ನಮ್ಮ ಆಟಕ್ಕೆ ರೆಫರಿ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಬಲ ಮೊಣಕಾಲಿಗೆ ಕಪ್ಪು ಪಟ್ಟಿ, ನಡಿಗೆಯಲ್ಲಿ ಸಣ್ಣ ಕುಂಟು. ಯೂಟ್ ಕಡೆ ತಿರುಗಿ ನೋಡಿದೆ. ಟೆಸ್ಸಾ ಕಾಣಲಿಲ್ಲ. ಸೀಟಿನ ಕೆಳಗೆ ಕುಸಿದಿದ್ದಳು. ನನಗೆ ತಿಳಿಯಿತು, ಇವಳೇ ರೇಚಲ್.

ಟೆಸ್ಸಾ ಯೂಟಿನೊಳಗಿಂದಲೇ ಫೋನಿನಲ್ಲಿ ಕೋಚ್ ಮಾಡಿದಳು. ಗೆರೆಯ ಪಕ್ಕದಲ್ಲಿ ಫೋನು ಹಿಡಿದು ನಿಂತವರು ನಮ್ಮ ಯಜಮಾನರು. ಆಚೆಯಿಂದ ಅವಳು ಏನು ಕಿರುಚುತ್ತಿದ್ದಳೋ, ಅವರಿಗೆ ಅದನ್ನು ಹಾಗೆಯೇ ಹೇಳಲು ಸಂಕೋಚ. "ನಿಖಿತಾ ಅವ್ರೇ, ಆ ಬಿಳಿ ಜಡೆಯೋರ ಹತ್ರ ಸ್ವಲ್ಪ ಹೋಗ್ಬೇಕಂತೆ. ತೊಂದ್ರೆ ಇಲ್ಲಾಂದ್ರೆ!" ಎಂದು ಕೂಗಿದರು. ಅಷ್ಟು ಹೊತ್ತಿಗೆ ಆ ಬಿಳಿ ಜಡೆಯವಳು ಗೋಲು ಹೊಡೆದು ವಾಪಸ್ ಬರುತ್ತಿದ್ದಳು.

ಆದರೂ ನಾವು ಕೆಟ್ಟದಾಗಿ ಆಡಲಿಲ್ಲ. ಕಾಲು ತಾಗಿದರೂ ಯಾರೂ ಬಗ್ಗಲಿಲ್ಲ. ಹಣ್ಣು ಹಿಡಿದ ಅಭ್ಯಾಸಕ್ಕೆ ಎಲ್ಲರೂ ಮುಷ್ಟಿ ಬಿಗಿದುಕೊಂಡೇ ಓಡುತ್ತಿದ್ದೆವು, ಎದುರಿನವರು ನಮಗೆ ಭಯಂಕರ ಕೋಪ ಬಂದಿದೆ ಎಂದುಕೊಂಡು ದಾರಿ ಬಿಟ್ಟರು. ನಿಖಿತಾ ಒಂದು ಗೋಲು ಹೊಡೆದೇಬಿಟ್ಟಳು. ಸಂತೋಷಕ್ಕೆ ಗೀತಾ ಆಂಟಿ ನಮ್ಮ ಗೋಲು ಬಿಟ್ಟು ಓಡಿ ಬಂದು ಅವಳ ದೃಷ್ಟಿ ತೆಗೆದರು. ಆ ಗ್ಯಾಪಿನಲ್ಲಿ ಇನ್ನೊಂದು ಬಿತ್ತು, ಹೋಗಲಿ.

ಅಪೂರ್ವಾಗೆ ಮೀನಖಂಡ ಹಿಡಿದುಕೊಂಡಿತು. ಒಬ್ಬರು ಕಮ್ಮಿ. ನಮ್ಮ ತಂಡದಲ್ಲಿ ಹೆಸರು ಕೊಟ್ಟಿದ್ದ ಎಂಟನೆಯವಳು ಟೆಸ್ಸಾ ಒಬ್ಬಳೇ. ನಾನು ಯೂಟ್ ಹತ್ತಿರ ಹೋದೆ.

"ಇಳಿ," ಎಂದೆ.

"ಆಗಲ್ಲ. ಅವಳು ನೋಡ್ತಾಳೆ."

"ನೋಡ್ಲಿ. ಎಂಟು ವರ್ಷದಿಂದ ನೀನು ಅವಳ ಊರ ತನಕ ಬಂದು ಪೈ ತಿಂದ್ಕೊಂಡು ಹೋಗ್ತಾ ಇದೀಯ. ಇವತ್ತು ಪೈ ಅಂಗಡಿ ಮುಚ್ಚಿದೆ ಅಂದ್ಕೋ. ಇಳೀತೀಯೋ, ಇಲ್ಲಾ ಗೀತಾ ಆಂಟೀನ ಕಳಿಸ್ಲೋ?"

ಗೀತಾ ಆಂಟಿಗೆ ಅವಳೂ ಹೆದರುತ್ತಾಳೆ. ಇಳಿದಳು.

ರೇಚಲ್ ಅವಳನ್ನು ನೋಡಿದಳು. ಗುರುತು ಸಿಕ್ಕಿತು, ಮುಖ ಕಲ್ಲಾಯಿತು. ವಿಷಲ್ ಊದಿದಳು. ಟೆಸ್ಸಾ, ಕರ್ಮ, ಎರಡೂ ಕೈ ಎತ್ತಿದಳು.

ಆಟ ಶುರುವಾಯಿತು. ರೆಫರಿ ಮೈದಾನದ ಈ ಕಡೆ ಬಂದರೆ ಟೆಸ್ಸಾ ಆ ಕಡೆ. ಮಿಡ್‌ಫೀಲ್ಡಿನಲ್ಲಿ ಆಡುವವಳು ಮೂಲೆ ಮೂಲೆಗೆ ಓಡುತ್ತಿದ್ದಳು, ಕೊನೆಗೆ ಗೀತಾ ಆಂಟಿಯ ಹಿಂದೆ ಬಂದು ನಿಂತಳು. "ಹೋಗಮ್ಮ ಆಚೆ, ಇದು ನನ್ನ ಜಾಗ," ಎಂದು ಅವರು ಅಟ್ಟಿದರು. ಅಷ್ಟರಲ್ಲಿ ಚೆಂಡು ನಡುಮಧ್ಯಕ್ಕೆ ಬಂತು. ಹಳೆಯ ರಕ್ತ, ತಡೆಯುತ್ತದೆಯೇ? ಟೆಸ್ಸಾ ನುಗ್ಗಿದಳು. ಚೆಂಡು ಪುಟಿದು ಪಕ್ಕಕ್ಕೆ ಹೋಯಿತು. ಅವಳು ಬೀಸಿದ ಕಾಲು, ತಪ್ಪಿಸಿಕೊಳ್ಳಲು ಹಿಂದೆ ಸರಿಯುತ್ತಿದ್ದ ರೇಚಲ್‌ಳ ಮೊಣಕಾಲಿಗೇ ತಾಗಿತು. ಕಪ್ಪು ಪಟ್ಟಿ ಕಟ್ಟಿದ್ದ ಮೊಣಕಾಲಿಗೆ.

ಏಟು ಜೋರಾಗೇನೂ ಇರಲಿಲ್ಲ. ಆದರೆ ಈಗ ಇವಳು ಕೈ ಎತ್ತುತ್ತಾಳೆ, 'ಚೆಂಡು' ಎನ್ನುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ.

ಟೆಸ್ಸಾ ಬಗ್ಗಿದಳು. ಬಲಗೈಯಿಂದ ಆ ಮೊಣಕಾಲನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಮಾಡಿದ್ದೇನೆಂದು ಅವಳಿಗೂ ಆಮೇಲೆಯೇ ತಿಳಿದಿರಬೇಕು. ಯಾಕೆಂದರೆ ಹಾಗೆಯೇ ಮಂಡಿಯೂರಿ ಕೂತುಬಿಟ್ಟಳು, ಕಣ್ಣಿನಿಂದ ಕೈ ತೆಗೆಯಲಿಲ್ಲ.

"ಅವತ್ತು ನಾನು ಚೆಂಡು ಮುಟ್ಟಲಿಲ್ಲ," ಎಂದಳು. "ನಿನ್ನ ಕಾಲನ್ನೇ ಮುಟ್ಟಿದ್ದು. ನನಗೆ ಗೊತ್ತಿತ್ತು. ಸುಳ್ಳು ಹೇಳಿದೆ. ಸಾರಿ, ರೇಚಲ್."

"ಗೊತ್ತು," ಎಂದಳು ರೇಚಲ್. ಮೊಣಕಾಲಿನ ಪಟ್ಟಿ ಸರಿಮಾಡಿಕೊಂಡು, "ಈಗ ಮಾಡಿದೆಯಲ್ಲ, ಅದೇನದು?" ಎಂದಳು.

ಕೇಳಬಾರದಿತ್ತು. ನಾವೆಲ್ಲ ಒಟ್ಟಿಗೆ ವಿವರಿಸಲು ಓಡಿದೆವು. ಗೋಲಿನಿಂದ ಓಡಿ ಬಂದ ಗೀತಾ ಆಂಟಿ ಎಲ್ಲರನ್ನೂ ಪಕ್ಕಕ್ಕೆ ತಳ್ಳಿ, "ಫುಟ್ ಟಚ್, ಪಾಪ ಕಮಿಂಗ್. ಐ ಟಚ್, ಪಾಪ ಗೋಯಿಂಗ್. ಫಿನಿಶ್!" ಎಂದರು.

ರೇಚಲ್ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮೂಗು ಒರೆಸಿಕೊಂಡಳು. ಆಮೇಲೆ ಜೇಬಿಗೆ ಕೈ ಹಾಕಿ ಕೆಂಪು ಕಾರ್ಡು ತೆಗೆದು, ತೋಳು ಚಾಚಿ, ಟೆಸ್ಸಾಳ ತಲೆಯ ಮೇಲೆ ಎತ್ತಿ ಹಿಡಿದಳು.

ನನಗೆ ಮೈಯೆಲ್ಲ ಉರಿಯಿತು. "ಅಲ್ಲಮ್ಮ, ಮಂಡಿಯೂರಿ ಕ್ಷಮೆ ಕೇಳಿದವಳಿಗೆ ಇದೇನಾ ನೀನು ಕೊಡೋದು?" ಎಂದು ಜಗಳಕ್ಕೇ ಹೋದೆ.

"ಇವತ್ತಿನದಕ್ಕಲ್ಲ," ಎಂದಳು ರೇಚಲ್. "ಇವತ್ತು ಏನೂ ಆಗಿಲ್ಲ. ಇದು ಅವತ್ತಿನದು. ಯಾರಾದರೂ ಕೊಡಬೇಕಾಗಿತ್ತು."

ಟೆಸ್ಸಾ ತಲೆಯೆತ್ತಿ ಕಾರ್ಡನ್ನು ನೋಡಿದಳು. "ಥ್ಯಾಂಕ್ಯೂ," ಎಂದಳು. ಎದ್ದಳು. ಕಣ್ಣೀರು ಸುರಿಸಿಕೊಂಡು, ಹಲ್ಲು ಕಿರಿದುಕೊಂಡು, ಮೈದಾನದಿಂದ ಆಚೆ ನಡೆದಳು. ನಮ್ಮ ಯಜಮಾನರು ಇನ್ನೂ ಫೋನು ಕಿವಿಗಿಟ್ಟುಕೊಂಡು, "ಹಲೋ? ಕೋಚ್? ಈಗೇನ್ ಮಾಡ್ಬೇಕಂತೆ?" ಎನ್ನುತ್ತಿದ್ದರು.

ನಾವು ಆರೇ ಜನ ಆಡಿ ಚೆನ್ನಾಗಿ ಸೋತೆವು. ಆಟ ಮುಗಿದ ಮೇಲೆ ರೇಚಲ್ ತಾನಾಗಿ ಬಂದು ಚಿಲ್ಲಿಬಿನ್ನಿನ ಮೇಲೆ ಟೆಸ್ಸಾಳ ಪಕ್ಕ ಕೂತಳು. ಚಿತ್ರಾನ್ನ ಕೊಟ್ಟೆ, ಕೈಯಲ್ಲೇ ತಿಂದಳು. ತಿನ್ನುತ್ತ ಅವಳ ಬೂಟು ಟೆಸ್ಸಾಳ ಕಾಲಿಗೆ ತಾಗಿತು. ರೇಚಲ್ ನಮ್ಮನ್ನೆಲ್ಲ ಒಮ್ಮೆ ನೋಡಿ, ಶ್ರದ್ಧೆಯಿಂದ ಬಗ್ಗಿ ಟೆಸ್ಸಾಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚಿತ್ರಾನ್ನದ ಕೈ, ಹಸಿಮೆಣಸಿನಕಾಯಿ, ನಿಂಬೆಹುಳಿ! ಅವಳು ಕೂಗಿಕೊಂಡು ಕುಣಿದಾಡಿದಳು, ಅವಳ ಕಣ್ಣಿಗೆ ನೀರು ಹಾಕಲು ಹೋದ ಟೆಸ್ಸಾ ನಕ್ಕು ನಕ್ಕು ಬಾಟಲಿಯನ್ನೇ ಬೀಳಿಸಿದಳು. ಇಬ್ಬರೂ ಅತ್ತರು. ಮೆಣಸಿನಕಾಯಿ ಖಾರ ಎಂದರು, ನಾವೂ ಹೌದೌದು ಎಂದೆವು.

ಈಗ ನಮ್ಮ ಯಜಮಾನರು ಕೆದಕಿದರೆ ಟೆಸ್ಸಾ, "ಒಂದೇ ಒಂದು!" ಎಂದು ಎದೆ ಸೆಟೆಸುತ್ತಾಳೆ. ತಟ್ಟೆ ನೋಡುತ್ತ ಕೂರುವುದಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾಳೆ. ಮೊನ್ನೆ ಕಡಲೆಕಾಳು ಬೇಯಲಿಟ್ಟಿದ್ದೆ. ಕುಕ್ಕರ್ ಕೂಗಿತು. ಬೇಲಿಯಾಚೆ ಅವಳು ಪೈಪು ಹಿಡಿದವಳು ನಿಂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೈ ಮೇಲೆತ್ತಲಿಲ್ಲ. "ಇಂದಿರಾ, ಇನ್ನೂ ಐದು ಬಾಕಿ," ಎಂದು ಹೇಳಿ ಗಿಡಕ್ಕೆ ನೀರು ಬಿಡುತ್ತ ಹೋದಳು.